ಗುರುಮಲ್ಲಪ್ಪನವರ ಗೇಟಿನ ಮುಂದಿನ ಚಪ್ಪಡಿ

ನಾನು ಒಂದು ಚಪ್ಪಡಿ ಕಲ್ಲು. ಮೈಸೂರಿನ ಒಂದು ಹಳೆಯ ಬಡಾವಣೆಯಲ್ಲಿ ಚರಂಡಿಯ ಮೇಲೆ ಮಲಗಿಕೊಂಡು, ಜನರ ಕಾಲಡಿಯಲ್ಲೇ ಆಯುಸ್ಸು ಕಳೆದವನು. ಕಾಲಡಿಯ ಬದುಕು ಅಂದ ತಕ್ಷಣ ನೀವು ಅಯ್ಯೋ ಪಾಪ ಅನ್ನಬೇಕಾಗಿಲ್ಲ. ಫುಟ್‌ಪಾತಿನ ಕಲ್ಲಿಗೆ ಕಾಲಡಿಯೇ ಸಿಂಹಾಸನ. ಮನುಷ್ಯ ಮುಖದಲ್ಲಿ ಏನನ್ನಾದರೂ ಬಚ್ಚಿಟ್ಟಾನು, ನಡಿಗೆಯಲ್ಲಿ ಬಚ್ಚಿಡಲಾರ. ಹೆಂಡತಿಯೊಡನೆ ಜಗಳವಾಡಿ ಹೊರಟವನ ಹೆಜ್ಜೆ, ಪರೀಕ್ಷೆ ಪಾಸಾದ ಹುಡುಗಿಯ ಹೆಜ್ಜೆ, ಹೊಸ ಚಪ್ಪಲಿ ಕಚ್ಚುತ್ತಿದ್ದರೂ ತೋರಗೊಡದ ಮದುಮಗನ ಹೆಜ್ಜೆ, ಎಲ್ಲವೂ ನನಗೆ ಬೆನ್ನಿನಲ್ಲೇ ತಿಳಿಯುತ್ತಿದ್ದವು. ಕಲ್ಲಿನಂಥ ಮನಸ್ಸು ಎಂದು ನೀವು ಒಬ್ಬರನ್ನೊಬ್ಬರು ಬೈದುಕೊಳ್ಳುವುದನ್ನು ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ಕಲ್ಲಿನ ಮನಸ್ಸು ಎಂಥದೆಂದು ಕಲ್ಲನ್ನು ಯಾರೂ ಕೇಳಿದವರಿಲ್ಲ.

ನಾನು ಹುಟ್ಟಿದ್ದು ನಂಜನಗೂಡಿನಾಚೆಯ ಒಂದು ಬೋಳುಗುಡ್ಡದಲ್ಲಿ. ಆಗ ಬಂಡೆಯ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕುತ್ತಿದ್ದರು. ಕಾದ ಬಂಡೆ ಮೆಲ್ಲಗೆ ಪದರ ಬಿಡುತ್ತಿತ್ತು. ಆ ಪದರವನ್ನು ಉಳಿಯಿಂದ ಸೀಳಿ ಚಪ್ಪಡಿ ತೆಗೆಯುತ್ತಿದ್ದರು. ನನ್ನನ್ನು ಸೀಳಿದವನು ತಿಮ್ಮಾಬೋವಿ. ಸುತ್ತಿಗೆಯಿಂದ ನನ್ನ ಮೈಗೆ ಒಮ್ಮೆ ಬಡಿದು, ಕಿವಿಗೊಟ್ಟು ಕೇಳಿ, ಇದು ಗಂಡುಗಲ್ಲು, ಆನೆ ನಿಂತರೂ ತಡೀತದೆ ಎಂದು ಹೇಳಿದ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಆನೆ ನಿಂತು ಹೋಗುತ್ತದೆ, ತಿಂಗಳುಗಟ್ಟಲೆ ಅಲ್ಲೇ ಠಿಕಾಣಿ ಹೂಡುವುದಿಲ್ಲ.

ಲಾರಿಯಲ್ಲಿ ಪಟ್ಟಣಕ್ಕೆ ಬಂದೆ. ನಗರಸಭೆಯವರು ನನ್ನನ್ನು, ನನ್ನ ಅಣ್ಣತಮ್ಮಂದಿರನ್ನು ಸಾಲಾಗಿ ಚರಂಡಿಯ ಮೇಲೆ ಹಾಸಿದರು. ಉಳಿಯ ಗುರುತಿನ ಒರಟು ಮೈ ಮೇಲೆ ಬರಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಜನ ಜಾರುತ್ತಾರೆ ಎಂದು ಓವರ್‌ಸಿಯರ್ ಪಟ್ಟು ಹಿಡಿದ. ಕಾನೂನಿನ ಪ್ರಕಾರ ನಾನು ನಗರಸಭೆಯ ಸ್ವತ್ತು. ಆದರೆ ಯಾರ ಗೇಟಿನ ಮುಂದೆ ಮಲಗಿದ್ದೆನೋ ಆ ಮನೆಯವರೆಲ್ಲ ನನ್ನನ್ನು ತಮ್ಮ ಕಲ್ಲೆಂದೇ ತಿಳಿದಿದ್ದರು. ಮೊದಲಿಗೆ ಆ ಮನೆಯಲ್ಲಿದ್ದವರು ಹಾರ್ಮೋನಿಯಂ ರಿಪೇರಿ ಮಾಡುವ ಒಬ್ಬ ಭಾಗವತರು. ಬೇಸಿಗೆ ಬಂದರೆ ಅವರ ಹೆಂಡತಿ ಸೀತಾಬಾಯಿ ನನ್ನ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಒಣಗಿಸುತ್ತಿದ್ದರು. ದಾರಿಯಲ್ಲಿ ಯಾರಾದರೂ ಬಂದರೆ ಸೀರೆಯ ತುದಿ ಎತ್ತಿ ದಾರಿ ಬಿಡುತ್ತಿದ್ದರು, ಬಂದವರ ಕೈಗೆ ಎರಡು ಹಸಿ ಸಂಡಿಗೆ ಕೊಡುತ್ತಿದ್ದರು. ಫುಟ್‌ಪಾತಿನ ಮೇಲೆ ಯಾರೂ ಏನನ್ನೂ ಇಡಲೇಬಾರದು ಎಂದು ನಾನೇನೂ ಮಡಿ ಮಾಡುವವನಲ್ಲ. ಜನ ಬಂದಾಗ ಎತ್ತಿಕೊಂಡರೆ ಆಯಿತು.

ಆ ಕಾಲದಲ್ಲೇ ನನ್ನ ಬಾಳಿಗೆ ಮಂದಾಕಿನಿ ಬಂದಳು. ಬೀದಿಯ ಮೂಲೆಮನೆಯ, ಅಂಚೆ ಕಚೇರಿಯ ಶೇಷಾದ್ರಿಗಳ ಮಗಳು. ಪೋಲಿಯೋ ಬಂದು ಎಡಗಾಲು ಸೊರಗಿತ್ತು. ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು ಹಾಕಿದ ಕ್ಯಾಲಿಪರ್ ಕೊಟ್ಟಿದ್ದರು. ಮನೆಯೊಳಗೆ ನಡೆಯೋಣವೆಂದರೆ ಕೆಂಪು ಗಾರೆ ನೆಲ, ಕನ್ನಡಿಯ ಹಾಗೆ ಉಜ್ಜಿಟ್ಟಿದ್ದರು. ಊರುಗೋಲು ಇಟ್ಟರೆ ಜಾರುತ್ತಿತ್ತು. ಶೇಷಾದ್ರಿಗಳು ಮಗಳನ್ನು ಹೊರಗೆ ಕರೆದುಕೊಂಡು ಬಂದು ನಮ್ಮ ಮೇಲೆ ನಿಲ್ಲಿಸಿದರು. ನನ್ನ ಒರಟು ಮೈಗೆ ಊರುಗೋಲಿನ ರಬ್ಬರು ಗಟ್ಟಿಯಾಗಿ ಕಚ್ಚಿಕೊಂಡಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ.

"ಅಪ್ಪ, ಈ ಕಲ್ಲು ಕಾಲು ಹಿಡ್ಕೊಳತ್ತೆ," ಅಂದಳು ಹುಡುಗಿ.

ಅವತ್ತಿನಿಂದ ನಾನು ಅವಳ ಪಕ್ಷ. ಇದರಲ್ಲಿ ಮುಚ್ಚುಮರೆ ಏನಿಲ್ಲ.

ಅವಳು ಬೆಳೆದು ಬೀದಿಯ ಇನ್ನೊಂದು ತುದಿಯಲ್ಲಿದ್ದ ಪ್ರೈಮರಿ ಶಾಲೆಗೇ ಟೀಚರಾದಳು. ಮಂದಾಕಿನಿ ಮಿಸ್ ಆದರು ಅನ್ನಬೇಕು, ಇಡೀ ಬೀದಿ ಬಹುವಚನಕ್ಕೆ ಬಂದಮೇಲೆ ನಾನೊಬ್ಬನೇ ಏಕವಚನದಲ್ಲಿ ಉಳಿಯುವುದು ಚೆನ್ನಾಗಿರುವುದಿಲ್ಲ. ಬೆಳಗ್ಗೆ ಅತ್ತ, ಸಂಜೆ ಇತ್ತ. ಟಕ್ ಎಂದು ಊರುಗೋಲು, ಸರ್ ಎಂದು ಎಡಗಾಲು, ಧಪ್ ಎಂದು ಬಲಗಾಲು. ಸರಿಯಾಗಿ ನನ್ನ ಮೇಲೆ ಬಂದಾಗ ನಿಂತು, ಬ್ಯಾಗನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದರು. ಮದುವೆಯಾಗಲಿಲ್ಲ. ತಮ್ಮ ಸುದರ್ಶನ, ಅವನ ಹೆಂಡತಿ, ಅದೇ ಮೂಲೆಮನೆಯಲ್ಲಿ ಜೊತೆಗಿದ್ದರು. ಒಂಟಿಯಾಗಿ ನಡೆದು ಶಾಲೆಗೆ ಹೋಗುವುದೇ ಮಿಸ್ಸಿಗೆ ದಿನದ ದೊಡ್ಡ ಸುಖ. ಯಾರಾದರೂ ಕೈ ಹಿಡಿಯಲು ಬಂದರೆ, ನನ್ನ ಕೈ ಖಾಲಿ ಇಲ್ಲ ಎಂದು ಊರುಗೋಲು ತೋರಿಸಿ ನಗುತ್ತಿದ್ದರು.

ಭಾಗವತರ ಮಕ್ಕಳು ಮನೆ ಮಾರಿದಮೇಲೆ ಬಂದವರು ಗುರುಮಲ್ಲಪ್ಪನವರು. ಸಂತೇಪೇಟೆಯಲ್ಲಿ ಊದುಬತ್ತಿಯ ಸಗಟು ವ್ಯಾಪಾರ. ಅವರು ಗೇಟು ದಾಟಿ ಹೋದಮೇಲೂ ಬಹಳ ಹೊತ್ತು ನನ್ನ ಮೇಲೆ ಮಲ್ಲಿಗೆಯ ಘಮ ಉಳಿಯುತ್ತಿತ್ತು. ಒಳ್ಳೆಯ ಮನುಷ್ಯ. ಹಬ್ಬಕ್ಕೆ ಬೀದಿಗೆಲ್ಲ ಎಳ್ಳು ಬೆಲ್ಲ ಹಂಚುವವರು, ಮಿಸ್ ಕಂಡರೆ ಎರಡೂ ಕೈ ಜೋಡಿಸುವವರು, ಏಕೆಂದರೆ ಅವರ ಮಗಳು ಚೇತನಾಗೆ ಅಕ್ಷರ ತಿದ್ದಿಸಿದವರೇ ಮಿಸ್. ಹೆಂಡತಿ ಸುಂದರಮ್ಮ ಪ್ರತಿದಿನ ಬೆಳಗ್ಗೆ ನನ್ನ ಮೇಲೆ ನೀರು ಚಿಮುಕಿಸಿ ರಂಗೋಲಿ ಹಾಕುತ್ತಿದ್ದರು. ಮನೆಯ ಮೂಲೆಯಲ್ಲಿ ಕಾರಿಗೊಂದು ಷೆಡ್ಡು ಕಟ್ಟಿಸಿದ್ದರು, ಅದಕ್ಕೆ ಬೇರೆಯದೇ ಒಂದು ಗೇಟು. ಕಾರು ಅಲ್ಲಿ ಸುಖವಾಗಿತ್ತು. ಆಯುಧಪೂಜೆಯ ದಿನ ಹೊರಗೆ ಬಂದು, ನಿಂಬೆಹಣ್ಣು ಹಿಸುಕಿ, ಬೂದುಗುಂಬಳಕಾಯಿ ಒಡೆಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು.

ಎಡವಟ್ಟಾಗಿದ್ದು ಚೇತನಾಳ ಮದುವೆಯ ವಿಷಯದಲ್ಲಿ. ಗಂಡುಗಳು ಬರುವುದು, ಉಪ್ಪಿಟ್ಟು ಕೇಸರಿಬಾತು ತಿನ್ನುವುದು, ಊರಿಗೆ ಹೋಗಿ ತಿಳಿಸುತ್ತೇವೆ ಅನ್ನುವುದು, ಹೀಗೇ ನಡೆದಿತ್ತು. ಮಗಳನ್ನು ಯಾರೂ ಒಪ್ಪುತ್ತಿಲ್ಲವೆಂದು ಅಪ್ಪ ಕೊರಗುತ್ತಿದ್ದರು. ನಿಜವಾದ ಸಂಗತಿ ನನಗೆ ಗೊತ್ತಿತ್ತು. ಒಂದು ಸಂಜೆ ಚೇತನಾ ನನ್ನ ಮೇಲೆ ನಿಂತು ಮಿಸ್ಸಿಗೆ ಹೇಳಿದ್ದಳು, ಅವರು ಒಪ್ಪದೇ ಹೋಗುತ್ತಿಲ್ಲ, ನನಗೇ ಅವರು ಯಾರೂ ಇಷ್ಟವಾಗದೆ ಒಳಗಿಂದೊಳಗೇ ಬೇಡವೆಂದು ಹೇಳಿ ಕಳಿಸುತ್ತಿದ್ದೇನೆ ಎಂದು. ಮಿಸ್ ನಕ್ಕು, ಕಾಪಿ ಹೊಡೆಯದೆ ನಿನ್ನ ಉತ್ತರ ನೀನೇ ಬರಿ ಅಂದಿದ್ದರು.

ಗುರುಮಲ್ಲಪ್ಪನವರಿಗೆ ಇದು ತಿಳಿಯದೆ ವಾಸ್ತು ನೋಡುವವನೊಬ್ಬನನ್ನು ಕರೆಸಿದರು. ಆತ ದಿಕ್ಸೂಚಿ ಹಿಡಿದು ಮನೆಯೆಲ್ಲ ಸುತ್ತಿ, ಕೊನೆಗೆ ಷೆಡ್ಡಿನ ಮುಂದೆ ನಿಂತು ತಲೆಯಾಡಿಸಿದ. ಈಶಾನ್ಯ ಮೂಲೆ ಹೂವಿನಷ್ಟು ಹಗುರಾಗಿರಬೇಕಂತೆ. ಅಲ್ಲಿ ಒಂದು ಟನ್ನು ಕಬ್ಬಿಣ ನಿಲ್ಲಿಸಿಕೊಂಡರೆ ಅಳಿಯ ಎಲ್ಲಿಂದ ಒಳಗೆ ಬರಬೇಕು ಎಂದು ಕೇಳಿದನಂತೆ. ಮರುದಿನವೇ ಕಾರನ್ನು ಷೆಡ್ಡಿನಿಂದ ಆಚೆಗೆ ತೆಗೆದರು. ಷೆಡ್ಡು ತೊಳೆದು ತುಳಸಿಯ ಕುಂಡ ಇಟ್ಟು ದೀಪ ಹಚ್ಚಿದರು. ಕಾರನ್ನು ತಂದು ಫುಟ್‌ಪಾತಿಗೆ ಹತ್ತಿಸಿ ನನ್ನ ಮೇಲೆ ನಿಲ್ಲಿಸಿದರು. ಕಾಂಪೌಂಡ್ ಗೋಡೆ ದಾಟಿದ ಕೂಡಲೇ ಈಶಾನ್ಯ ಮುಗಿದುಹೋಗುತ್ತದೆಯೇ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕಾರಿನ ಕೆಳಗಿನ ಬದುಕನ್ನು ಏನೆಂದು ಹೇಳಲಿ. ಹಗಲಲ್ಲೂ ಕತ್ತಲೆ. ಮೇಲಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮಳೆ ಬಂದರೆ ಬೀದಿಯ ನಾಯಿಗಳೆಲ್ಲ ನನ್ನ ಹತ್ತಿರ ಬಂದು ಮೈ ಕೊಡವುತ್ತಿದ್ದವು. ಅವು ಒಳ್ಳೆಯ ಸಂಗಾತಿಗಳೇ, ಅದರಲ್ಲಿ ದೂರಿಲ್ಲ. ರಂಗೋಲಿ ಗೇಟಿನ ಒಳಗೆ ಹೋಯಿತು. ಹೆಜ್ಜೆಗಳು ನಿಂತವು. ನನ್ನ ಹೊಟ್ಟೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕೊಂದು ಹುಟ್ಟಿತು, ಕಾರು ಹತ್ತಿ ಇಳಿದಾಗಲೆಲ್ಲ ಒಂದಿಷ್ಟು ಬೆಳೆಯಿತು.

ಮುಂದಿನ ಕುರಿ ಬಾವಿಗೆ ಬಿದ್ದರೆ ಹಿಂದಿನವೂ ಬೀಳುತ್ತವೆ ಅನ್ನುತ್ತಾರಲ್ಲ. ಗುರುಮಲ್ಲಪ್ಪನಂಥ ದೊಡ್ಡ ಮನುಷ್ಯರೇ ನಿಲ್ಲಿಸಿದ್ದಾರೆ ಎಂದು ಪಕ್ಕದ ಮನೆಯ ಎಂಜಿನಿಯರ್ ವಸಂತರಾವ್ ತಮ್ಮ ಕಾರನ್ನು ಫುಟ್‌ಪಾತಿಗೆ ಹತ್ತಿಸಿದರು. ಅವರ ಷೆಡ್ಡಿನಲ್ಲಿ ಹಳೇ ಸೋಫಾ, ಒಡೆದ ವಾಷಿಂಗ್ ಮೆಷಿನ್ ತುಂಬಿದ್ದವು. ಆಮೇಲೆ ಬಾಡಿಗೆ ಮನೆಯ ಇಮ್ತಿಯಾಜ್ ತನ್ನ ಟ್ಯಾಕ್ಸಿ ತಂದು ನಿಲ್ಲಿಸಿದ, ಅವನಿಗೆ ಷೆಡ್ಡೇ ಇರಲಿಲ್ಲ. ದೀಪಾವಳಿಯ ಹೊತ್ತಿಗೆ ಬೀದಿಯ ಉದ್ದಕ್ಕೂ ಕಾರಿನ ಸಾಲು.

ಮೊದಲ ದಿನ ಮಿಸ್ ಬಂದು, ಕಾರು ನೋಡಿ ನಿಂತರು. ಗುರುಮಲ್ಲಪ್ಪನವರು ಓಡಿಬಂದು ಕೈ ಜೋಡಿಸಿ, ಮಗಳಿಗೊಂದು ಗಂಡು ಗೊತ್ತಾಗುವವರೆಗೆ ಸುಧಾರಿಸಿಕೊಳ್ಳಬೇಕು ಎಂದು ಕೇಳಿಕೊಂಡರು. ತಮ್ಮ ಶಿಷ್ಯೆಯ ಮದುವೆಗೆ ಅಡ್ಡ ಬಂದೆ ಅನ್ನಿಸಿಕೊಳ್ಳಲು ಮಿಸ್ಸಿಗೆ ಮನಸ್ಸಾಗಲಿಲ್ಲ. ರಸ್ತೆಗೆ ಇಳಿದರು. ನಮ್ಮ ಅಂಚು ಮೊಣಕಾಲಿನ ಅರ್ಧದಷ್ಟು ಎತ್ತರ. ನಿಮಗೆ ಅದೊಂದು ಜಿಗಿತ. ಮಿಸ್ಸಿಗೆ ಅದು ಊರುಗೋಲು ಕೆಳಗಿಟ್ಟು, ಕಾರಿನ ಬಾನೆಟ್ಟಿಗೆ ಕೈಕೊಟ್ಟು, ಉಸಿರು ಕಟ್ಟಿ ಇಳಿಯುವ ಕೆಲಸ. ಇಳಿದಮೇಲೆ ಬಸ್ಸು, ಆಟೋ, ಬೈಕುಗಳ ನಡುವೆ ನಡೆಯುವ ಕೆಲಸ. ಶಾಲೆಯ ಹತ್ತಿರ ಮತ್ತೆ ಹತ್ತುವ ಕೆಲಸ. ತಿಂಗಳುಗಟ್ಟಲೆ ಹಾಗೇ ನಡೆದರು.

ಕಾರ್ತಿಕದ ಒಂದು ಬೆಳಗ್ಗೆ ಬೈಕೊಂದು ಊರುಗೋಲಿಗೆ ತಾಗಿಸಿಕೊಂಡು ಹೋಯಿತು. ಮಿಸ್ ರಸ್ತೆಯಲ್ಲಿ ಬಿದ್ದರು. ಹಿಂದೆ ಬರುತ್ತಿದ್ದ ಬಸ್ಸು ಕೀರಲುಗುಟ್ಟುತ್ತ ನಿಂತಿತು, ಎಷ್ಟು ಹತ್ತಿರದಲ್ಲೆಂದರೆ ಅದರ ನೆರಳು ಅವರ ಮೇಲೆ ಬಿದ್ದಿತ್ತು. ನಾನು ಕಾರಿನ ಕೆಳಗಿನಿಂದ ಎಲ್ಲವನ್ನೂ ನೋಡಿದೆ. ನನಗೆ ಆ ದಿನ ಆದಷ್ಟು ಸಂಕಟ ಬೇರೆಂದೂ ಆಗಿಲ್ಲ. ಮೊಣಕೈ ತರಚಿತ್ತು, ಅಷ್ಟೇ. ಆದರೆ ತಮ್ಮ ಸುದರ್ಶನ ಬ್ಯಾಂಕಿನಿಂದ ಓಡಿಬಂದವನು ಅಕ್ಕನನ್ನು ಕಂಡು ಅತ್ತುಬಿಟ್ಟ. ಇನ್ನು ಮೇಲೆ ಆಟೋದಲ್ಲೇ ಹೋಗಬೇಕು, ಇಲ್ಲವಾದರೆ ಕೆಲಸ ಬಿಟ್ಟು ಮನೆಯಲ್ಲಿರಬೇಕು ಎಂದು ಖಡಾಖಂಡಿತ ಹೇಳಿದ. ಅವನದೂ ತಪ್ಪಲ್ಲ, ಪ್ರೀತಿಯಿಂದಲೇ ಹೇಳಿದ. ಆದರೆ ಮರುದಿನದಿಂದ ಮಿಸ್ ಆಟೋದಲ್ಲಿ ಕೂತು ನನ್ನನ್ನು ದಾಟಿ ಹೋಗತೊಡಗಿದರು. ಸುಂದರಮ್ಮ ಕೈ ಬೀಸಿದರೆ, ನೋಡಿ, ನನ್ನನ್ನ ಪಾರ್ಸಲ್ ಮಾಡಿ ಕಳಿಸ್ತಿದಾನೆ ನಮ್ಮ ತಮ್ಮ ಎಂದು ನಗುತ್ತಲೇ ಅನ್ನುತ್ತಿದ್ದರು. ನಗು ಮಾತ್ರ ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು.

ಮಿಸ್ ಸುಮ್ಮನೆ ಕೂರುವವರಲ್ಲ. ಫುಟ್‌ಪಾತಿನ ಮೇಲೆ ಕಾರು ನಿಲ್ಲಿಸುವುದನ್ನೇ ನಿಷೇಧಿಸಬೇಕು ಎಂದು ಕಾರ್ಪೊರೇಟರ್ ದಾಕ್ಷಾಯಿಣಿಯವರ ಬೆನ್ನು ಬಿದ್ದರು. ಒಂದು ಭಾನುವಾರ ನಮ್ಮ ಸಾಲಿನ ಪಕ್ಕದ ಹೊಂಗೆಮರದ ಕೆಳಗೇ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ನಡೆಯಿತು. ಗುರುಮಲ್ಲಪ್ಪನವರದೇ ಎಲ್ಲರಿಗಿಂತ ದೊಡ್ಡ ಗಂಟಲು. ನಮ್ಮ ಮನೆಯ ಮುಂದೆ ನಾವು ನಿಲ್ಲಿಸಿದರೆ ಯಾರಿಗೇನು ಎಂದು ಕೇಳಿದರು. ವಸಂತರಾವ್ ಲೆಕ್ಕಾಚಾರದ ಮನುಷ್ಯ. ಕಾರುಗಳು ರಸ್ತೆಗಿಳಿದರೆ ಬಸ್ಸಿಗೇ ದಾರಿಯಿಲ್ಲ, ಆದ್ದರಿಂದ ಫುಟ್‌ಪಾತಿಗೆ ಹತ್ತಿಸಿ ನಾವು ಊರಿಗೆ ಉಪಕಾರ ಮಾಡುತ್ತಿದ್ದೇವೆ ಎಂದು ವಿವರಿಸಿದರು. ಅವರ ಷೆಡ್ಡಿನ ಸೋಫಾ ಯಾರಿಗೆ ಉಪಕಾರ ಮಾಡುತ್ತಿತ್ತೋ ಹೇಳಲಿಲ್ಲ. ಇಮ್ತಿಯಾಜ್ ಮಾತ್ರ ಸಂಕೋಚದಿಂದ ಎದ್ದು, ಟ್ಯಾಕ್ಸಿಯೇ ತನ್ನ ಮನೆಯ ಅನ್ನ, ನಿಲ್ಲಿಸಬೇಡ ಅಂದರೆ ನಿಲ್ಲಿಸುವುದಿಲ್ಲ, ಎಲ್ಲಿ ನಿಲ್ಲಿಸಲಿ ಎಂದು ತೋರಿಸಿ ಅಂದ.

ಮಿಸ್ ಊರುಗೋಲು ಊರಿ ನಿಂತರು. ಇಮ್ತಿಯಾಜನ ಪ್ರಶ್ನೆಯೇ ಸರಿಯಾದ ಪ್ರಶ್ನೆ, ಅದಕ್ಕೆ ಉತ್ತರ ಹುಡುಕುವುದು ಕಾರ್ಪೊರೇಷನ್ನಿನ ಕೆಲಸ ಅಂದರು. ಆಮೇಲೆ ಗುರುಮಲ್ಲಪ್ಪನವರ ಕಡೆ ತಿರುಗಿದರು.

"ನನಗೆ ಕಾರಿನ ಮೇಲೆ ದ್ವೇಷ ಇಲ್ಲ ಗುರುಮಲ್ಲಪ್ಪನೋರೆ. ಕಾರಿಗೆ ಜಾಗ ಇಲ್ಲ ಅಂದ್ರೆ ನೀವೆಲ್ಲ ಜಾಗ ಹುಡುಕ್ತೀರಿ. ನನಗೆ ಜಾಗ ಇಲ್ಲ ಅಂದ್ರೆ ಮನೇಲಿರಿ ಅಂತೀರಿ."

ಅಷ್ಟರಲ್ಲಿ ಸುಂದರಮ್ಮನ ಕಾಫಿ ಬಂತು, ಕಾಫಿಯ ಜೊತೆ ಕೋಡುಬಳೆ ಬಂತು, ಮಾತು ನೀರಿನ ನಲ್ಲಿಯ ಕಡೆಗೆ ಹೋಯಿತು. ದಾಕ್ಷಾಯಿಣಿಯವರು ಎರಡೂ ಪಕ್ಷಕ್ಕೆ ತಲೆಯಾಡಿಸಿ ಎದ್ದುಹೋದರು. ಬೆಕ್ಕಿಗೆ ಗಂಟೆ ಕಟ್ಟುವವರು ಸಿಗಲಿಲ್ಲ.

ಇಷ್ಟಾದಮೇಲೆ ಒಂದು ಶನಿವಾರ ಗುಂಡ್ಲುಪೇಟೆಯ ಕಡೆಯಿಂದ ಚೇತನಾಳನ್ನು ನೋಡಲು ಗಂಡಿನ ಕಡೆಯವರು ಬಂದರು. ಗಂಡಿನ ಹೆಸರು ನಂದೀಶ. ಅಪ್ಪ ಅಮ್ಮ, ಚಿಕ್ಕಪ್ಪ ಚಿಕ್ಕಮ್ಮ ಸೇರಿ ಒಂದು ವ್ಯಾನಿನ ತುಂಬ ಜನ. ಅವರಲ್ಲಿ ಮುಖ್ಯರು ಅಜ್ಜಿ ಪುಟ್ಟಗೌರಮ್ಮ. ಆಕೆ ಹೂಂ ಅನ್ನದೆ ಆ ಮನೆಯಲ್ಲಿ ಒಲೆಯೂ ಹತ್ತುವುದಿಲ್ಲವೆಂದು ಮಧ್ಯಸ್ಥಗಾರರು ಮೊದಲೇ ಹೇಳಿದ್ದರು. ಆಕೆಗೆ ಮಂಡಿನೋವು, ಕೈಯಲ್ಲಿ ಬೆತ್ತ.

ವ್ಯಾನು ನಿಲ್ಲಿಸಲು ಬೀದಿಯಲ್ಲಿ ಒಂದಂಗುಲ ಜಾಗವಿಲ್ಲ. ರೇಷ್ಮೆ ಪಂಚೆ ಉಟ್ಟು ಗೇಟಿನಲ್ಲಿ ನಿಂತಿದ್ದ ಗುರುಮಲ್ಲಪ್ಪನವರು ಗಾಬರಿಯಲ್ಲಿ ತಮ್ಮ ಕಾರಿಗೆ ಹಾರಿ ಕೂತು, ಅದನ್ನು ಇನ್ನಷ್ಟು ಗೋಡೆಗೆ ಒತ್ತಿಸಿ ವ್ಯಾನಿಗೆ ಜಾಗ ಮಾಡೋಣವೆಂದು ಹಿಂದಕ್ಕೆ ತೆಗೆದರು. ಹಿಂದಿನ ಚಕ್ರ ಸೀದಾ ನನ್ನ ಹೊಟ್ಟೆಯ ಮೇಲೆ ಬಂತು. ಠಪ್ ಎಂದು ನಾನು ಎರಡಾದೆ.

ನೋವಾಯಿತೇ ಎಂದು ಕೇಳಬೇಡಿ. ನಿಜ ಹೇಳುತ್ತೇನೆ, ಮೊದಲು ಹಗುರವಾಯಿತು.

ಚಕ್ರ ಚರಂಡಿಗೆ ಇಳಿಯಿತು. ಕಾರು ಮೂತಿ ಮೇಲೆತ್ತಿ, ಬೆನ್ನನ್ನು ಗೇಟಿಗೆ ಅಡ್ಡಲಾಗಿ ಕೊಟ್ಟು ಕೂತುಬಿಟ್ಟಿತು. ಗೇಟಿನ ಒಳಗೆ ಕುಂಕುಮದ ಬಟ್ಟಲು ಹಿಡಿದ ಸುಂದರಮ್ಮ, ಹೊರಗೆ ಬೀಗರಾಗಬೇಕಾದವರು, ನಡುವೆ ಕಾರು. ಅಜ್ಜಿ ವ್ಯಾನಿನಿಂದ ಇಳಿದು, ಬೆತ್ತ ಊರಿ, ಇದನ್ನೆಲ್ಲ ನಿಧಾನವಾಗಿ ನೋಡಿದರು.

"ಹೆಣ್ಣ ಆಮೇಕೆ ನೋಡನ. ಮೊದ್ಲು ನಿಮ್ಮ ಮನ ಬಾಗ್ಲು ಎಲ್ಲದ ತೋರ್ಸಪ್ಪ," ಅಂದರು.

ಉಳಿದಿದ್ದು ಷೆಡ್ಡಿನ ಗೇಟು ಒಂದೇ. ಅಲ್ಲಿಗೆ ಹೋಗಬೇಕೆಂದರೆ ಫುಟ್‌ಪಾತಿನಲ್ಲಿ ವಸಂತರಾಯರ ಕಾರು. ರಸ್ತೆಯಲ್ಲೇ ಬಳಸಿ ಹೋಗಬೇಕು. ಹುಡುಗರು, ಗಂಡಸರು ಜಿಗಿದು ಹೋದರು. ಅಜ್ಜಿ ವ್ಯಾನಿಗೂ ಕಾರಿಗೂ ನಡುವೆ ಸಿಕ್ಕಿಕೊಂಡು ನಿಂತರು. ಹಿಂದೆ ಬಸ್ಸು ಹಾರ್ನ್ ಬಾರಿಸುತ್ತಿತ್ತು. ಸಂದಿಯಲ್ಲಿ ಬೈಕುಗಳು ನುಗ್ಗುತ್ತಿದ್ದವು. ಆ ಬಸ್ಸಿನ ಹಿಂದೆ ಸಿಕ್ಕಿಕೊಂಡಿದ್ದ ಆಟೋ ಒಂದರಿಂದ ಮಂದಾಕಿನಿ ಮಿಸ್ ಇಳಿದರು. ಶನಿವಾರ ಶಾಲೆ ಅರ್ಧ ದಿನ, ಮನೆಗೆ ಹೊರಟಿದ್ದರು. ಆಟೋ ಅಲುಗಾಡದೆ ನಿಂತಾಗ ನಡೆದೇ ಹೋಗೋಣವೆಂದು ಬಂದರು, ಬಂದವರು ಅಜ್ಜಿಯನ್ನು ಕಂಡರು.

"ನನ್ನ ಭುಜ ಹಿಡ್ಕೊಳ್ಳಿ ಅಜ್ಜಿ. ಈ ದಾರಿ ನನಗೆ ಅಭ್ಯಾಸ," ಅಂದರು.

ಒಬ್ಬರಿಗೆ ಬೆತ್ತ, ಒಬ್ಬರಿಗೆ ಊರುಗೋಲು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಡುರಸ್ತೆಯಲ್ಲಿ ಹೆಜ್ಜೆ ಹಾಕಿದರು. ಗುರುಮಲ್ಲಪ್ಪನವರು ಚರಂಡಿಯ ಅಂಚಿನಲ್ಲಿ, ಪಂಚೆಗೆ ಕೆಸರು ಮೆತ್ತಿಕೊಂಡು, ಏನು ಮಾಡುವುದೆಂದು ತೋಚದೆ ನಿಂತಿದ್ದರು. ಅಷ್ಟರಲ್ಲಿ ಬೈಕೊಂದು ಸಂದಿಯಿಂದ ತೂರಿಬಂದು ಊರುಗೋಲನ್ನು ಸವರಿಕೊಂಡು ಹೋಯಿತು. ಇಬ್ಬರೂ ತೂಗಾಡಿದರು. ಅಜ್ಜಿ ಶಿವನೇ ಅಂದರು.

ಆಗ ಗುರುಮಲ್ಲಪ್ಪನವರು ಮಾಡಿದ್ದನ್ನು ನಾನು ಮರೆಯಲಾರೆ. ಪಂಚೆಯನ್ನು ಮೇಲಕ್ಕೆ ಕಟ್ಟಿ, ರಸ್ತೆಗೆ ಧುಮುಕಿ, ಎರಡೂ ಕೈಗಳನ್ನು ಅಗಲಿಸಿ ಬೈಕುಗಳಿಗೆ ಅಡ್ಡ ನಿಂತುಬಿಟ್ಟರು. ಬಸ್ಸಿನವನು ಬೈದ, ಬೈಕಿನವರು ಬೈದರು. ಅವರು ಅಲುಗಾಡಲಿಲ್ಲ. ಅವರ ಕಣ್ಣು ಮಾತ್ರ ಮಿಸ್ಸಿನ ಎಡಗಾಲಿನ ಮೇಲೆ ನೆಟ್ಟಿತ್ತು. ಅದು ಡಾಂಬರಿನ ಮೇಲೆ ಸರ್ ಎಂದು ಎಳೆದುಕೊಂಡು ಹೋಗುವುದನ್ನು ಅವರು ಪ್ರತಿದಿನವೂ ಕೇಳಿದ್ದರು, ಅವತ್ತು ನೋಡಿದರು. ಅವರ ಕಣ್ಣಲ್ಲಿ ನೀರು ಬಂತು.

ಅಜ್ಜಿ ಷೆಡ್ಡಿನೊಳಗೆ ಹೋಗಿ ನಿಂತು ಸುತ್ತ ನೋಡಿದರು. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಅಭ್ಯಾಸವಾದ ಗಂಟಲು, ಮುರಿದು ಬಿದ್ದಿದ್ದ ನನಗೂ ಕೇಳಿಸಿತು. ಇಷ್ಟು ಜಾಗ ಖಾಲಿ ಬಿದ್ದಿರುವಾಗ ಕಾರು ಬೀದಿಯಲ್ಲಿ ಯಾಕಿದೆ ಎಂದು ಕೇಳಿದರು. ಗುರುಮಲ್ಲಪ್ಪನವರ ಬಾಯಿಂದ ವಾಸ್ತು, ಈಶಾನ್ಯ, ಭಾರ ಎಂದು ಒಂದೊಂದೇ ಮಾತು ತಡೆದು ತಡೆದು ಬಂತು.

"ನಿನ್ನ ಮನೆ ಭಾರವ ನೀನು ಹೊರ್ಬೇಕು ಕಣಪ್ಪ. ಬೀದಿಯವ್ರ ತಲ ಮ್ಯಾಲೆ ಹೊರ್ಸ್‌ಬುಟ್ಟು, ನಮ್ಮನೆ ಹಗುರಾಯ್ತು ಅಂದ್ರೆ ಹೆಂಗಪ್ಪ," ಅಂದರು ಅಜ್ಜಿ.

ಮಹಡಿಯ ಮೇಲಿಂದ ಯಾರೋ ಕಿಸಕ್ಕನೆ ನಕ್ಕರು. ಚೇತನಾ. ಅವಳಿಗೆ ಮೊದಲು ಹಿಡಿಸಿದ್ದು ಅಜ್ಜಿಯೇ. ಆಮೇಲೆ ನಂದೀಶ ಹೊಸ ಅಂಗಿಯ ತೋಳು ಮಡಿಸಿ, ಇಮ್ತಿಯಾಜನ ಜೊತೆ ಚರಂಡಿಗೆ ಇಳಿದು, ಕಾರಿಗೆ ಹೆಗಲು ಕೊಟ್ಟು ಎತ್ತಿದ. ಕತ್ತಿನವರೆಗೆ ಕೆಸರು. ಅವನು ಆ ಕೆಸರಿನಲ್ಲೇ ತಲೆಯೆತ್ತಿ ಮಹಡಿಯ ಕಡೆ ನೋಡಿ ನಕ್ಕ. ಈ ಸಲ ಚೇತನಾ ಬೇಡವೆಂದು ಹೇಳಿ ಕಳಿಸಲಿಲ್ಲ. ವಾಸ್ತುವಿನವನು ಮಾತ್ರ, ಚಪ್ಪಡಿ ಒಡೆದು ಭಾರ ಕಳೆದದ್ದರಿಂದಲೇ ಕಂಕಣ ಕೂಡಿಬಂತು ಎಂದು ಇವತ್ತಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ. ತಿರುಗಲಿ ಬಿಡಿ, ನಡೆದು ತಿರುಗುವವರ ಮೇಲೆ ನನಗೆ ಕೋಪವಿಲ್ಲ.

ಅವತ್ತು ಸಂಜೆಯೇ ತುಳಸಿ ಅಂಗಳಕ್ಕೆ ಬಂತು, ಕಾರು ಷೆಡ್ಡಿಗೆ ಹೋಯಿತು. ಮುಂದಿನ ಭಾನುವಾರ ಮತ್ತೆ ಸಭೆ. ಗುರುಮಲ್ಲಪ್ಪನವರು ಎದ್ದು, ನಿಷೇಧ ಆಗಲಿ, ತಪ್ಪಿ ನನ್ನ ಕಾರೇ ಫುಟ್‌ಪಾತಿನ ಮೇಲೆ ಕಂಡರೆ ಮೊದಲು ಅದನ್ನೇ ಎಳೆದುಕೊಂಡು ಹೋಗಿ ಎಂದರು. ಹೋದ ಸಭೆಯಲ್ಲಿ ಅವರ ಗಂಟಲು ಕೇಳಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಸಂತರಾಯರ ಸೋಫಾ ಗುಜರಿಗೆ ಹೋಯಿತು. ಕಷ್ಟವಾಗಿದ್ದು ಇಮ್ತಿಯಾಜನ ವಿಷಯ. ಮಿಸ್ ಪಟ್ಟು ಬಿಡದೆ, ಸಮುದಾಯ ಭವನದ ಖಾಲಿ ಅಂಗಳದಲ್ಲಿ ಷೆಡ್ಡಿಲ್ಲದವರು ಗಾಡಿ ನಿಲ್ಲಿಸಿಕೊಳ್ಳಲಿ ಎಂದು ದಾಕ್ಷಾಯಿಣಿಯವರಿಂದ ಒಪ್ಪಿಗೆ ಪಡೆದಮೇಲೇ ಕುರ್ಚಿಯಿಂದ ಎದ್ದರು. ಇಮ್ತಿಯಾಜ್ ಈಗ ಅಲ್ಲಿಂದ ಮನೆಗೆ ಸ್ವಲ್ಪ ದೂರ ನಡೆಯುತ್ತಾನೆ, ನಮ್ಮ ಮೇಲೇ ನಡೆಯುತ್ತಾನೆ. ಒಳ್ಳೆಯ ಹಗುರ ಹೆಜ್ಜೆ.

ನನ್ನ ಜಾಗಕ್ಕೆ ಕಾಂಕ್ರೀಟಿನ ಹೊಸ ಚಪ್ಪಡಿ ಬಂತು. ನನ್ನ ಎರಡು ತುಂಡುಗಳನ್ನು ಇಟ್ಟಿಗೆಯ ಮೇಲೆ ಜೋಡಿಸಿ ಹೊಂಗೆಮರದ ಕೆಳಗೆ ಇಟ್ಟಿದ್ದಾರೆ. ಬಸ್ಸಿಗೆ ಕಾಯುವವರು ಕೂರುತ್ತಾರೆ, ಸುಂದರಮ್ಮ ಅವರೆಕಾಯಿ ಸುಲಿಯುತ್ತಾರೆ. ಮುದಿತನಕ್ಕೆ ಇದಕ್ಕಿಂತ ಒಳ್ಳೆಯ ನೆರಳು ಯಾರಿಗೆ ಸಿಕ್ಕೀತು. ಕೂತಲ್ಲೇ ಯೋಚಿಸುತ್ತೇನೆ. ಬೇರೆ ಬೀದಿಗಳಲ್ಲಿ ಇನ್ನೂ ವಾದ ನಡೆದಿದೆಯಂತೆ, ಫುಟ್‌ಪಾತಿನ ಕಾರುಗಳನ್ನು ನಿಷೇಧಿಸಬೇಕೋ ಬೇಡವೋ ಎಂದು. ಕಲ್ಲನ್ನು ಕೇಳಿದರೆ ಕಲ್ಲು ಹೇಳುತ್ತದೆ, ನಿಷೇಧಿಸಿ ಎಂದು. ಬೋರ್ಡು ಬೇಕು, ಕಾನೂನು ಬೇಕು, ಎಲ್ಲರ ಬಾಗಿಲಿಗೂ ಒಬ್ಬ ಪುಟ್ಟಗೌರಮ್ಮ ಬರುವುದಿಲ್ಲ. ಆದರೆ ಕಾರಿನವರು ಕೆಟ್ಟವರೆಂದು ಮಾತ್ರ ಹೇಳಬೇಡಿ. ಅವರ ಭಾರವನ್ನು ಹೊತ್ತವನು ನಾನು, ನನಗೆ ಗೊತ್ತು. ಇಳಿದು ನಾಲ್ಕು ಹೆಜ್ಜೆ ನಡೆದರೆ ಅವರೂ ನಮ್ಮವರೇ.

ಫುಟ್‌ಪಾತು ಖಾಲಿಯಾದಮೇಲಿನ ಮೊದಲ ಸೋಮವಾರದ ಕಥೆ ಒಂದನ್ನು ಹೇಳಿ ಮುಗಿಸುತ್ತೇನೆ. ಬೆಳಗ್ಗೆ ಬೀದಿಯ ಮೂಲೆಯಿಂದ ಟಕ್ ಎಂದು ಕೇಳಿಸಿತು. ಮಿಸ್ ಬರುತ್ತಿದ್ದರು. ನಾಲ್ಕು ಮಾರು ಹಿಂದೆ ಮರದ ಮರೆ, ಕಂಬದ ಮರೆ ಹಿಡಿದು ತಮ್ಮ ಸುದರ್ಶನನೂ ಬರುತ್ತಿದ್ದ. ಮಿಸ್ ಹಿಂದಿರುಗಿ ನೋಡದೆಯೇ, ಬ್ಯಾಂಕಿಗೆ ಹೊತ್ತಾಗಲ್ವೇನೋ ಅಂದರು. ಅವನು ಸಿಕ್ಕಿಬಿದ್ದ ಕಳ್ಳನ ಹಾಗೆ ನಗುತ್ತ ವಾಪಸು ಹೋದ.

ಗುರುಮಲ್ಲಪ್ಪನವರು ಆಗಲೇ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಗೇಟಿನ ಮುಂದೆ ಬಂದು ನಿಂತಿದ್ದರು. ಕೈಯಲ್ಲಿ ಮಗಳ ಲಗ್ನಪತ್ರಿಕೆ. ಮಿಸ್ ಹತ್ತಿರ ಬಂದೊಡನೆ ಎರಡೂ ಕೈ ಜೋಡಿಸಿದರು. ಎಷ್ಟು ದಿನದಿಂದ ಕೂಡಿಟ್ಟ ಮಾತೋ ಏನೋ, ನಾವು ಕಣ್ಣಿದ್ದೂ ಕುರುಡರಾಗಿದ್ದೆವು, ನಮ್ಮಿಂದ ಬಹಳ ತಪ್ಪಾಯಿತು ಎಂದು ಶುರುಮಾಡಿದರು. ಮಾತು ಉದ್ದವಾಗುತ್ತಾ ಹೋಯಿತು. ಮಿಸ್ ಪತ್ರಿಕೆ ತೆಗೆದುಕೊಂಡು ಬ್ಯಾಗಿಗೆ ಹಾಕಿದರು, ಬ್ಯಾಗನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿದರು, ಶಾಲೆಯ ಕಡೆ ನೋಡಿದರು.

"ಅದೆಲ್ಲ ಇರ್ಲಿ ಗುರುಮಲ್ಲಪ್ಪನೋರೆ," ಅಂದರು. "ಈಗ ನೀವೇ ದಾರೀಲಿ ನಿಂತಿದೀರಿ. ಸ್ವಲ್ಪ ಪಕ್ಕಕ್ಕೆ ಬನ್ನಿ, ಬೆಲ್ಲು ಹೊಡೆಯೋ ಹೊತ್ತಾಯ್ತು."

ಗುರುಮಲ್ಲಪ್ಪನವರು ಕೆಳಗೆ ನೋಡಿಕೊಂಡರು. ಕೈ ಜೋಡಿಸಿಕೊಂಡೇ ಫುಟ್‌ಪಾತಿನಿಂದ ರಸ್ತೆಗೆ ಇಳಿದು ನಿಂತರು. ಮಿಸ್ ಫುಟ್‌ಪಾತಿನ ಮೇಲೆಯೇ ನಡೆದುಕೊಂಡು ಶಾಲೆಗೆ ಹೋದರು.